ತಡವಾಗಿ ಬಂದ ಸುದ್ದಿ, ಅವಸರದ ನಿರ್ಧಾರ



ಈರುಳ್ಳಿಯ ಬೆಲೆ ಒಂದು ವರ್ಷ ಮುಗಿಲು ಮುಟ್ಟಿ, ಮರುವರ್ಷ ನೆಲ ಕಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಇದರ ಕಾರಣವೂ ರೈತರಿಗೆ ಗೊತ್ತು. ಈ ವರ್ಷದ ಒಳ್ಳೆಯ ಬೆಲೆ ನೋಡಿ ಎಲ್ಲರೂ ಈರುಳ್ಳಿ ಹಾಕುತ್ತಾರೆ. ಬೆಳೆ ಕೈಗೆ ಬರುವ ಹೊತ್ತಿಗೆ ಮಾರುಕಟ್ಟೆ ತುಂಬಿ ತುಳುಕುತ್ತದೆ, ಬೆಲೆ ಕುಸಿಯುತ್ತದೆ. ಕುಸಿದ ಬೆಲೆ ನೋಡಿ ಎಲ್ಲರೂ ಬಿಡುತ್ತಾರೆ, ಮತ್ತೆ ಕೊರತೆ. ಈ ಏರಿಳಿತವನ್ನು ಗೆರೆಗಳಲ್ಲಿ ಬರೆದಾಗ ಅದು ಜೇಡರ ಬಲೆಯಂತೆ ಕಾಣುತ್ತದೆ. ಅರ್ಥಶಾಸ್ತ್ರಜ್ಞ ನಿಕೋಲಾಸ್ ಕಾಲ್ಡಾರ್ 1934ರಲ್ಲಿ ಅದಕ್ಕೆ ಆ ಹೆಸರನ್ನೇ ಕೊಟ್ಟರು.

ಇದನ್ನು ಕೇಳಿದವರಿಗೆ ಹೀಗನ್ನಿಸುವುದು ಸಹಜ: ಸಾವಿರಾರು ಜನ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬೆಳೆಯುವುದರಿಂದ ತಾನೇ ಈ ಪೇಚಾಟ? ಇಡೀ ಮಾರುಕಟ್ಟೆ ಒಬ್ಬನ ಕೈಯಲ್ಲಿದ್ದರೆ? ಅವನಿಗೆ ಪ್ರತಿಸ್ಪರ್ಧಿಯ ಭಯವಿಲ್ಲ, ಎಷ್ಟು ಸರಕು ಬಿಡಬೇಕೆಂದು ಅವನೇ ತೀರ್ಮಾನಿಸುತ್ತಾನೆ. ಅಂಥ ಏಕಸ್ವಾಮ್ಯದ ಸಂಸ್ಥೆಯಾದರೂ ನೆಮ್ಮದಿಯಾಗಿ, ಸ್ಥಿರವಾಗಿ ನಡೆಯಬೇಕಲ್ಲವೇ?

ನಡೆಯಬೇಕಾಗಿಲ್ಲ. ಒಬ್ಬನೇ ಮಾರಾಟಗಾರನಿದ್ದರೂ, ಅವನಿಗೆ ಸುದ್ದಿ ತಡವಾಗಿ ತಲುಪಿದರೆ, ಅವನ ನಿರ್ಧಾರಗಳು ತೂಗಾಡತೊಡಗುತ್ತವೆ. ಆ ತೂಗಾಟ ಕೆಲವೊಮ್ಮೆ ತಾನಾಗಿ ನಿಲ್ಲುತ್ತದೆ, ಕೆಲವೊಮ್ಮೆ ಬೆಳೆಯುತ್ತಲೇ ಹೋಗುತ್ತದೆ. ಅದು ಯಾವಾಗ ನಿಲ್ಲುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದಕ್ಕೆ ಖಚಿತವಾದ ಲೆಕ್ಕವಿದೆ. ಆ ಲೆಕ್ಕವನ್ನೂ, ಅದು ಚರಿತ್ರೆಯಲ್ಲಿ ಕೊಟ್ಟ ಪೆಟ್ಟನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

ಒಂದು ಕಾಲ್ಪನಿಕ ಉದಾಹರಣೆ. ಬೇಕಿದ್ದವರು ಒಂದು ಕಾಗದ, ಪೆನ್ನು ಹಿಡಿದುಕೊಳ್ಳಿ. ಕರಾವಳಿಯ ಒಂದು ಸಣ್ಣ ಬಂದರು. ದೋಣಿಗಳಿಗೆ ಮಂಜುಗಡ್ಡೆ ಒದಗಿಸಲು ಅಲ್ಲಿರುವುದು ಒಂದೇ ಐಸ್ ಪ್ಲಾಂಟು. ಐಸನ್ನು ಕೂಡಿಡುವಂತಿಲ್ಲ, ಮಾಡಿದ್ದನ್ನು ಅಂದೇ ಮಾರಬೇಕು. ಹೆಚ್ಚು ಮಾಡಿದಷ್ಟೂ ಬೆಲೆ ಇಳಿಯುತ್ತದೆ: 100ರಿಂದ ದಿನದ ಬ್ಲಾಕುಗಳ ಸಂಖ್ಯೆ ಕಳೆದರೆ ಉಳಿಯುವುದೇ ಒಂದು ಬ್ಲಾಕಿನ ಬೆಲೆ. ಬ್ಲಾಕೊಂದಕ್ಕೆ ಖರ್ಚು 20 ರೂಪಾಯಿ. ದಿನಕ್ಕೆ 20 ಬ್ಲಾಕು ಮಾಡಿದರೆ ಬೆಲೆ 80 ರೂಪಾಯಿ, ಲಾಭ 1200. ದಿನಕ್ಕೆ 40 ಮಾಡಿದರೆ ಬೆಲೆ 60, ಲಾಭ 1600. ಅದಕ್ಕಿಂತ ಹೆಚ್ಚಿನ ಲಾಭ ಬೇರೆ ಯಾವ ಸಂಖ್ಯೆಯಲ್ಲೂ ಇಲ್ಲ. ಆದರೆ 40 ಎಂಬ ಆ ಸಂಖ್ಯೆ ಮಾಲೀಕನಿಗೆ ಮೊದಲೇ ಗೊತ್ತಿಲ್ಲ, ಲೆಕ್ಕಪತ್ರ ನೋಡುತ್ತ ನೋಡುತ್ತ ಅವನು ಅದನ್ನು ಹುಡುಕಬೇಕು.

ಅವನು ಒಂದು ಸರಳ ನಿಯಮ ಇಟ್ಟುಕೊಂಡಿದ್ದಾನೆ. ಪ್ರತಿ ವಾರ ಲೆಕ್ಕ ನೋಡುತ್ತಾನೆ. ಇನ್ನೊಂದು ಬ್ಲಾಕು ಹೆಚ್ಚಿಗೆ ಮಾಡಿದರೆ ಎಷ್ಟು ಲಾಭ ಕೂಡುತ್ತದೆ ಎಂದು ಅಂದಾಜು ಮಾಡುತ್ತಾನೆ. ಆ ಲಾಭದ ಪ್ರತಿ ನಾಲ್ಕು ರೂಪಾಯಿಗೆ ಒಂದರಂತೆ ದಿನದ ಬ್ಲಾಕುಗಳನ್ನು ಹೆಚ್ಚಿಸುತ್ತಾನೆ. ಲಾಭದ ಬದಲು ನಷ್ಟ ಕಂಡರೆ ಅದೇ ಪ್ರಮಾಣದಲ್ಲಿ ಇಳಿಸುತ್ತಾನೆ. ಅವನು 20 ಬ್ಲಾಕಿನಿಂದ ಶುರು ಮಾಡುತ್ತಾನೆ. ಆ ವಾರದ ಲೆಕ್ಕ ಆ ವಾರವೇ ಕೈಗೆ ಬಂದರೆ ಏನಾಗುತ್ತದೆ ನೋಡಿ: 20, 30, 35, ಮೂವತ್ತೇಳೂವರೆ. ಹೀಗೆ ಪ್ರತಿ ವಾರ ಉಳಿದ ದೂರದಲ್ಲಿ ಅರ್ಧ ಕ್ರಮಿಸುತ್ತ ಅವನು 40ರ ಹತ್ತಿರ ಹೋಗಿ ನಿಲ್ಲುತ್ತಾನೆ. ಎಡವುವ ಮಾತೇ ಇಲ್ಲ.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಅವನ ಕೈಗೆ ಬರುವ ಲೆಕ್ಕ ಮೂರು ವಾರ ಹಳೆಯದು. ನಿಯಮ ಅದೇ, ಬುದ್ಧಿ ಅದೇ, ಮಾರುಕಟ್ಟೆಯೂ ಅದೇ. ಮೊದಲ ವಾರ 30, ಎರಡನೇ ವಾರ 40. ಅಲ್ಲಿಗೆ ಗುರಿ ಮುಟ್ಟಿದಂತಾಯಿತು. ಆದರೆ ಅವನ ಮೇಜಿನ ಮೇಲಿರುವ ಕಾಗದ ಇನ್ನೂ 20 ಬ್ಲಾಕಿನ ಕಾಲದ್ದು. 'ಹೆಚ್ಚಿಸು' ಎಂದೇ ಅದು ಹೇಳುತ್ತಿದೆ. ಮೂರನೇ ವಾರ 50, ನಾಲ್ಕನೇ ವಾರ 60, ಐದನೇ ವಾರ 65. ಈಗ ಬೆಲೆ 35 ರೂಪಾಯಿಗೆ ಇಳಿದಿದೆ, ಲಾಭ 975. ಅತಿಯಾಯಿತೆಂಬ ಸುದ್ದಿ ಈಗ ಒಂದೊಂದಾಗಿ ಬರತೊಡಗುತ್ತದೆ, ಅವನು ಇಳಿಸತೊಡಗುತ್ತಾನೆ. ಎಂಟನೇ ವಾರ 50, ಹತ್ತನೇ ವಾರ 25, ಹನ್ನೆರಡನೇ ವಾರ ಬರೀ 10 ಬ್ಲಾಕು. ಬೆಲೆ 90 ರೂಪಾಯಿ, ಲಾಭ 700. ದೋಣಿಯವರಿಗೆ ಐಸ್ ಸಿಗುತ್ತಿಲ್ಲ, ಮೀನು ಕೊಳೆಯುತ್ತಿದೆ. ಮತ್ತೆ ಏರಿಕೆ ಶುರುವಾಗಿ ಹತ್ತೊಂಬತ್ತನೇ ವಾರ 75 ದಾಟುತ್ತದೆ. ಮೊದಲ ಸಲ 65ಕ್ಕೆ ನಿಂತದ್ದು ಈ ಸಲ 75ಕ್ಕೆ ಹೋಗಿದೆ. ಪ್ರತಿ ಸುತ್ತಿನಲ್ಲೂ ತೂಗಾಟ ದೊಡ್ಡದಾಗುತ್ತಿದೆ.

ಇನ್ನೊಂದು ಸಂಗತಿ ನೋಡಿ. ಅದೇ ಲೆಕ್ಕ ಮೂರರ ಬದಲು ಎರಡು ವಾರ ಹಳೆಯದಾಗಿದ್ದರೆ ಅವನು 40 ದಾಟಿ 55ರವರೆಗೆ ಹೋಗುತ್ತಾನೆ, ಮತ್ತೆ ಕೆಳಗಿಳಿಯುತ್ತಾನೆ. ಆದರೆ ಪ್ರತಿ ಸುತ್ತಿನಲ್ಲೂ ತೂಗಾಟ ಕಿರಿದಾಗುತ್ತ ಕೊನೆಗೆ ನಿಲ್ಲುತ್ತದೆ. ಎರಡು ವಾರಕ್ಕೆ ನಿಲ್ಲುವ ತೂಗಾಟ ಮೂರು ವಾರಕ್ಕೆ ನಿಲ್ಲುವುದಿಲ್ಲ. ನಡುವೆ ಎಲ್ಲೋ ಒಂದು ಗೆರೆ ಇದೆ. ಆ ಗೆರೆ ದಾಟಿದ ಮೇಲೆ ಸಂಸ್ಥೆ ತನ್ನ ಕೈಯಾರೆ ತನ್ನನ್ನು ಅಲುಗಾಡಿಸಿಕೊಳ್ಳುತ್ತದೆ.

ಆ ಗೆರೆ ಎಲ್ಲಿದೆ? ಏಕಸ್ವಾಮ್ಯದ ಗಣಿತಕ್ಕೆ ಅಡಿಪಾಯ ಹಾಕಿದವರು ಫ್ರಾನ್ಸಿನ ಆಂತ್ವಾನ್ ಆಗಸ್ಟೀನ್ ಕೂರ್ನೊ. 1838ರ ತಮ್ಮ ಪುಸ್ತಕದಲ್ಲಿ ಅವರು ಖನಿಜಯುಕ್ತ ನೀರಿನ ಒಂದು ಬುಗ್ಗೆಯನ್ನೂ ಅದರ ಒಬ್ಬನೇ ಒಡೆಯನನ್ನೂ ಕಲ್ಪಿಸಿಕೊಂಡರು. ಅತಿ ಹೆಚ್ಚು ಲಾಭ ತರುವ ಬೆಲೆ ಯಾವುದೆಂದು ತೋರಿಸಿಕೊಟ್ಟರು. ಆ ಒಡೆಯನಿಗೆ ಬೇಕಾದ ಸುದ್ದಿಯೆಲ್ಲ ಆ ಕ್ಷಣವೇ ಗೊತ್ತು. ಸುದ್ದಿ ತಡವಾದರೆ ಏನೆಂಬ ಪ್ರಶ್ನೆಯನ್ನು ಮುಂದಿನ ಶತಮಾನದವರು ಕೈಗೆತ್ತಿಕೊಂಡರು. ವಿಳಂಬವಿರುವ ಸಮೀಕರಣಗಳು ಯಾವಾಗ ಸ್ಥಿರವಾಗಿರುತ್ತವೆ ಎಂಬುದನ್ನು ಗಣಿತಜ್ಞ ಹೇಸ್ 1950ರಲ್ಲಿ ಸ್ಪಷ್ಟವಾಗಿ ಬರೆದರು. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ತನ್ನ ತಪ್ಪನ್ನು ಸಂಸ್ಥೆ ಎಷ್ಟು ವೇಗವಾಗಿ ತಿದ್ದಿಕೊಳ್ಳುತ್ತದೆ ಎಂಬುದು ಒಂದು ಸಂಖ್ಯೆ. ಸುದ್ದಿ ಎಷ್ಟು ಹಳೆಯದು ಎಂಬುದು ಇನ್ನೊಂದು. ಎರಡನ್ನೂ ಗುಣಿಸಿ. ಗುಣಲಬ್ಧ ಸುಮಾರು 0.37ಕ್ಕಿಂತ ಕಡಿಮೆಯಿದ್ದರೆ ಸಂಸ್ಥೆ ತೂಗಾಡದೆ ಗುರಿ ಸೇರುತ್ತದೆ. ಅಲ್ಲಿಂದ ಸುಮಾರು 1.57ರವರೆಗೆ ತೂಗಾಡಿ ತೂಗಾಡಿ ನಿಲ್ಲುತ್ತದೆ. ಅದನ್ನೂ ದಾಟಿದರೆ ತೂಗಾಟ ಬೆಳೆಯುತ್ತದೆ. ನಮ್ಮ ಐಸ್ ಪ್ಲಾಂಟಿನಂತೆ ವಾರಕ್ಕೊಮ್ಮೆ ಮಾತ್ರ ನಿರ್ಧಾರ ಮಾಡುವ ಕಡೆ, ಎರಡು ನಿರ್ಧಾರಗಳ ನಡುವೆ ಕಾಯುವ ಹೊತ್ತೂ ವಿಳಂಬಕ್ಕೆ ಸೇರಿಕೊಳ್ಳುವುದರಿಂದ, ಮಿತಿ ಇನ್ನೂ ಬೇಗ ಮುಟ್ಟುತ್ತದೆ.

ಈ ಲೆಕ್ಕದ ನೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹಳೆಯ ಸುದ್ದಿಯೊಂದೇ ಅಪಾಯ ತರುವುದಿಲ್ಲ, ಅವಸರವೊಂದೇ ಅಪಾಯ ತರುವುದಿಲ್ಲ. ಹಳೆಯ ಸುದ್ದಿಯನ್ನು ಹಿಡಿದುಕೊಂಡು ಅವಸರ ಮಾಡುವುದು ಅಪಾಯ.

ಇದು ಕಾಗದದ ಮೇಲಿನ ಮಾತಾಗಿ ಉಳಿಯದಿರಲಿ. ಚರಿತ್ರೆಯ ಅತಿ ದೊಡ್ಡ ಏಕಸ್ವಾಮ್ಯಗಳಲ್ಲಿ ಒಂದನ್ನು ನೋಡೋಣ. ಅದು ನಮ್ಮ ನೆಲವನ್ನೂ ತುಳಿದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ. 1600ರ ಡಿಸೆಂಬರ್ 31ರಂದು ಹುಟ್ಟಿದ ಈ ಕಂಪನಿಯನ್ನು ಬಿಟ್ಟು ಬ್ರಿಟನ್ನಿನ ಬೇರೆ ಯಾರೂ ಚೀನಾದಿಂದ ಚಹಾ ತರುವಂತಿರಲಿಲ್ಲ. ಚಹಾ ಸಿಗುತ್ತಿದ್ದುದು ಕ್ಯಾಂಟನ್ ಬಂದರಿನಲ್ಲಿ, ನಿರ್ಧಾರ ಆಗುತ್ತಿದ್ದುದು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ, ಇಪ್ಪತ್ತನಾಲ್ಕು ಮಂದಿ ನಿರ್ದೇಶಕರ ಸಭೆಯಲ್ಲಿ. ನಡುವೆ ಆರು ತಿಂಗಳ ಕಡಲ ಹಾದಿ. ಮಾನ್ಸೂನ್ ಗಾಳಿ ಹಿಡಿದು ಹೋಗಬೇಕು, ಗಾಳಿ ತಿರುಗುವವರೆಗೆ ಕಾದು ಬರಬೇಕು. ಲಂಡನ್ನಿನಿಂದ ಹೋದ ಆದೇಶ ಚಹಾ ಪೆಟ್ಟಿಗೆಯಾಗಿ ಗೋದಾಮಿಗೆ ಬಂದು ಬೀಳಲು ಒಂದು ವರ್ಷಕ್ಕೂ ಮೀರಿದ ಕಾಲ ಬೇಕಿತ್ತು.

ಇಷ್ಟು ದೂರದ ಸುದ್ದಿ ಹೇಗೆ ಆಟ ಆಡಿಸುತ್ತಿತ್ತು ನೋಡಿ. 1765ರ ಆಗಸ್ಟಿನಲ್ಲಿ ಮೊಘಲ್ ಬಾದಶಹನಿಂದ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಕಂಪನಿಗೆ ಸಿಕ್ಕಿತು. ಲಂಡನ್ನಿಗೆ ಅದು ತಿಳಿದದ್ದು 1766ರ ಏಪ್ರಿಲಿನಲ್ಲಿ, ಎಂಟು ತಿಂಗಳ ಮೇಲೆ. ಷೇರಿನ ಬೆಲೆ ಏರಿತು. ಅದೇ ವರ್ಷ ಡಿವಿಡೆಂಡು ಶೇಕಡಾ 6ರಿಂದ 10ಕ್ಕೆ ಹಾರಿತು, ಮುಂದಿನ ವರ್ಷಗಳಲ್ಲಿ 12.5ರವರೆಗೂ ಹೋಯಿತು. ಅದೇ ವರ್ಷಗಳಲ್ಲೇ ಬಂಗಾಳ 1769-70ರ ಭೀಕರ ಬರಗಾಲಕ್ಕೆ ಸಿಕ್ಕಿ ಲಕ್ಷಾಂತರ ಜನ ಸತ್ತರು.

ಇದರಲ್ಲಿ ನಮ್ಮ ಮೈಸೂರಿನ ಪಾತ್ರವೂ ಇದೆ. 1769ರ ಮೇ ತಿಂಗಳಲ್ಲಿ ಹೈದರಾಲಿಯ ದಂಡಯಾತ್ರೆಯ ಸುದ್ದಿ ಲಂಡನ್ ಮುಟ್ಟಿತು. ಮದರಾಸಿಗೆ ಕುತ್ತು ಬಂತೆಂಬ ಭಯ ಹರಡಿ ಕಂಪನಿಯ ಷೇರುಗಳು ಕುಸಿದವು. ಸಾಲ ಮಾಡಿ ಷೇರು ಕೊಂಡಿದ್ದ ಎಷ್ಟೋ ಜನ ಮುಳುಗಿದರು. ಆದರೆ ಆ ಹೊತ್ತಿಗೆ ಮದರಾಸಿನ ಬಾಗಿಲಿಗೇ ಬಂದಿದ್ದ ಹೈದರನ ಜೊತೆ ಸಂಧಿ ಮುಗಿದಿತ್ತು. ಅದು ಏಪ್ರಿಲ್ ಮೊದಲ ವಾರದಲ್ಲೇ ಆಗಿಹೋಗಿತ್ತು. ಮುಗಿದುಹೋದ ಯುದ್ಧದ ಹೆಸರಿನಲ್ಲಿ ಲಂಡನ್ ನಡುಗುತ್ತಿತ್ತು.

ಚಹಾದ ಕಥೆ ಇನ್ನೂ ದೊಡ್ಡದು. 1767ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕದ ವಸಾಹತುಗಳಿಗೆ ಹೋಗುವ ಚಹಾದ ಮೇಲೆ ಪೌಂಡಿಗೆ ಮೂರು ಪೆನ್ಸ್ ಸುಂಕ ಹಾಕಿತು. ಅಲ್ಲಿನ ಜನ ಇಂಗ್ಲಿಷ್ ಸರಕನ್ನು ಬಹಿಷ್ಕರಿಸಿದರು. ಡಚ್ಚರ ಕಳ್ಳಸಾಗಣೆಯ ಚಹಾ ಅಗ್ಗವಾಗಿ ಸಿಗುತ್ತಿತ್ತು. ಬೇಡಿಕೆ ಸೊರಗುತ್ತಿದ್ದಾಗಲೂ ಹಿಂದಿನ ಅಂದಾಜಿನ ಮೇಲೆ ಹೊರಟ ಹಡಗುಗಳು ಕ್ಯಾಂಟನ್ನಿನಿಂದ ಚಹಾ ತುಂಬಿಕೊಂಡು ಬರುತ್ತಲೇ ಇದ್ದವು. ಕಡಲ ಮೇಲಿರುವ ಹಡಗನ್ನು ಹಿಂದಕ್ಕೆ ಕರೆಯುವವರು ಯಾರು? ಕೊನೆಗೆ ಲಂಡನ್ನಿನ ಗೋದಾಮುಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡು ತೂಕದ ಚಹಾ ಮಾರಾಟವಾಗದೆ ಬಿದ್ದಿತ್ತು. ಇನ್ನೊಂದು ಕಡೆ ಬಂಗಾಳದಲ್ಲಿದ್ದ ಕಂಪನಿಯ ಅಧಿಕಾರಿಗಳು ಲಂಡನ್ ತೀರಿಸಬೇಕಾದ ಹುಂಡಿಗಳನ್ನು ಧಾರಾಳವಾಗಿ ಬರೆದುಕೊಟ್ಟಿದ್ದರು. ಅವುಗಳ ಮೊತ್ತ ಹತ್ತು ಲಕ್ಷ ಪೌಂಡು ಮೀರಿದ್ದು ನಿರ್ದೇಶಕರಿಗೆ ತಿಳಿದದ್ದು ಹುಂಡಿಗಳು ಬಾಗಿಲಿಗೆ ಬಂದಾಗ. ಸಾಲದ್ದಕ್ಕೆ 1772ರ ಜೂನಿನಲ್ಲಿ ಲಂಡನ್ನಿನ ಬ್ಯಾಂಕುಗಳೇ ಕುಸಿಯತೊಡಗಿ ಸಾಲ ಹುಟ್ಟದಾಯಿತು. ಶೇಕಡಾ 12.5 ಇದ್ದ ಡಿವಿಡೆಂಡು 6ಕ್ಕೆ ಬಿತ್ತು. ಜಗತ್ತಿನ ಅತಿ ಬಲಿಷ್ಠ ಕಂಪನಿ ಸರ್ಕಾರದ ಮುಂದೆ ಕೈಚಾಚಿ 14 ಲಕ್ಷ ಪೌಂಡು ಸಾಲ ಪಡೆಯಿತು.

ಸುಂಕ, ಕಳ್ಳಸಾಗಣೆ, ದುರಾಸೆ, ಬ್ಯಾಂಕುಗಳ ಕುಸಿತ, ಎಲ್ಲವೂ ಈ ಬಿಕ್ಕಟ್ಟಿಗೆ ಕಾರಣ. ಎಲ್ಲವನ್ನೂ ವಿಳಂಬದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ತಾಳಿಕೊಳ್ಳಬಹುದಾಗಿದ್ದ ಪೆಟ್ಟುಗಳು ತಾಳಲಾಗದಷ್ಟು ಬೆಳೆದದ್ದು ಸುದ್ದಿ ಹಳಸಿ ಬರುತ್ತಿದ್ದುದರಿಂದ. ಆಮೇಲೆ ನಡೆದದ್ದು ನಮ್ಮ ಐಸ್ ಪ್ಲಾಂಟಿನ ಎರಡನೆಯ ಅಂಕ. ಅತಿಯಾದದ್ದನ್ನು ಒಂದೇ ಏಟಿಗೆ ಕಳೆದುಕೊಳ್ಳುವ ಅವಸರ. 1773ರ ಮೇ 10ರ ಚಹಾ ಕಾಯ್ದೆಯಿಂದ ಕಂಪನಿಗೆ ನೇರವಾಗಿ ಅಮೆರಿಕದಲ್ಲಿ ಚಹಾ ಮಾರಲು ದಾರಿಯಾಯಿತು. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಚಾರ್ಲ್ಸ್‌ಟನ್‌ಗಳಿಗೆ ಹಡಗುಗಳು ಹೊರಟವು. ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ ಮೂರು ಹಡಗು ಹತ್ತಿ 342 ಪೆಟ್ಟಿಗೆ ಚಹಾವನ್ನು ಕಡಲಿಗೆ ಸುರಿದರು. ಮುಂದಿನ ಕಥೆ ಅಮೆರಿಕದ ಸ್ವಾತಂತ್ರ್ಯದ ಕಥೆ.

ಹನ್ನೊಂದು ವರ್ಷದ ನಂತರ ಅದೇ ಕಂಪನಿಗೆ ಅದಕ್ಕೆ ತದ್ವಿರುದ್ಧವಾದ ಪಾಠ ಸಿಕ್ಕಿತು. 1784ರಲ್ಲಿ ಬ್ರಿಟನ್ ಚಹಾದ ತೆರಿಗೆಯನ್ನು ನೂರಕ್ಕೆ ನೂರು ಮೀರಿದ್ದ ಮಟ್ಟದಿಂದ ಶೇಕಡಾ 12.5ಕ್ಕೆ ಇಳಿಸಿತು. ಕಳ್ಳಸಾಗಣೆ ಬಿದ್ದುಹೋಯಿತು, ಕಂಪನಿಯ ಚಹಾಕ್ಕೆ ಬೇಡಿಕೆ ಉಕ್ಕಿತು. ಕ್ಯಾಂಟನ್ನಿಗೆ ಆದೇಶ ಹೋಗಿ ಚಹಾ ಬರುವವರೆಗೆ ಯಾರು ಕಾಯುತ್ತಾರೆ? ಕಂಪನಿ ಯುರೋಪಿನ ತನ್ನ ಪ್ರತಿಸ್ಪರ್ಧಿಗಳಿಂದಲೇ ಚಹಾ ಕೊಂಡು ತರಬೇಕಾಯಿತು. ಆದರೆ ಆ ಕಾಯ್ದೆ ಒಂದು ವಿವೇಕದ ಮಾತನ್ನೂ ಹೇಳಿತ್ತು. ಒಂದು ವರ್ಷದ ಬಳಕೆಗೆ ಸಾಕಾಗುವಷ್ಟು ದಾಸ್ತಾನನ್ನು ಕಂಪನಿ ಯಾವಾಗಲೂ ಇಟ್ಟುಕೊಂಡಿರಬೇಕು. ಸುದ್ದಿ ಬರುವುದು ಒಂದು ವರ್ಷ ತಡವಾದರೆ ಒಂದು ವರ್ಷದ ದಾಸ್ತಾನು ಬೇಕು, ಇದು ನೇರವಾದ ಲೆಕ್ಕ.

ಇನ್ನು ನಮ್ಮ ಮನೆಯ ಹತ್ತಿರದ ಮಾತು. ಕೊಡಗು, ಚಿಕ್ಕಮಗಳೂರು, ಹಾಸನದ ಹಿರಿಯ ಬೆಳೆಗಾರರಿಗೆ 'ಪೂಲ್' ಎಂದರೆ ಏನೆಂದು ವಿವರಿಸಬೇಕಿಲ್ಲ. ಎರಡನೇ ಮಹಾಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಬೆಳೆಗಾರ ಕಂಗಾಲಾಗಿದ್ದಾಗ ಅವನನ್ನು ಕಾಪಾಡಲೆಂದೇ ಆ ವ್ಯವಸ್ಥೆ ಹುಟ್ಟಿತು. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ, ಮನೆ ಬಳಕೆಗೆ ಮತ್ತು ಬಿತ್ತನೆಗೆ ಇಷ್ಟು ಎಂದು ಬಿಟ್ಟು, ಉಳಿದ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಿತ್ತು. ಕಾಫಿ ಕ್ಯೂರಿಂಗ್ ವರ್ಕ್ಸ್ ಸೇರಿದ ಮೇಲೆ ಅದರ ದರ್ಜೆಗೆ ಪಾಯಿಂಟುಗಳು. ಬೋರ್ಡು ಮಾರಿದ ಹಾಗೆಲ್ಲ ಪಾಯಿಂಟಿಗೆ ಇಷ್ಟು ಎಂದು ಕಂತುಗಳಲ್ಲಿ ಹಣ. ಕೊನೆಯ ಕಂತು ಬಂದ ಮೇಲೆಯೇ ಬೆಳೆಗಾರನಿಗೆ ತನ್ನ ಕಾಫಿಯ ನಿಜವಾದ ಬೆಲೆ ಗೊತ್ತಾಗುತ್ತಿದ್ದುದು. ಅಷ್ಟರಲ್ಲಿ ಮುಂದಿನ ಬೆಳೆ ಪೂಲ್ ಸೇರಿರುತ್ತಿತ್ತು.

ಪೂಲ್ ಬೆಳೆಗಾರನಿಗೆ ಅನೇಕ ವರ್ಷ ನೆರಳಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ಮಾರುಕಟ್ಟೆಯ ಸುದ್ದಿ ತೋಟಕ್ಕೆ ತಲುಪುವ ಹಾದಿ ಒಂದೇ ಒಂದಾಗಿತ್ತು, ಅದೂ ಬಹಳ ಉದ್ದವಾಗಿತ್ತು. 1975ರ ಜುಲೈಯಲ್ಲಿ ಬ್ರೆಜಿಲ್‌ನ ಗಿಡ ಸುಡುವ ಕಡುಚಳಿ ಜಗತ್ತಿನ ಕಾಫಿ ಬೆಲೆಯನ್ನು ಮೇಲಕ್ಕೆತ್ತಿತು. 1989ರಲ್ಲಿ ಅಂತರರಾಷ್ಟ್ರೀಯ ಕೋಟಾ ಒಪ್ಪಂದ ಮುರಿದು ಬೆಲೆ ಕುಸಿಯಿತು. ಇಂಥ ಸುದ್ದಿ ಕಂತುಗಳಲ್ಲಿ ಸೋಸಿ, ಸರಾಸರಿಯಾಗಿ, ತಡವಾಗಿ ಬಂದರೆ ಗಿಡ ನೆಡಬೇಕೇ ಕೀಳಬೇಕೇ ಎಂದು ಬೆಳೆಗಾರ ಹೇಗೆ ನಿರ್ಧರಿಸಬೇಕು? ಅದರಲ್ಲೂ ಕಾಫಿ ಗಿಡ ನೆಟ್ಟ ಮೇಲೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. 1992ರಿಂದ ಪೂಲ್‌ನ ಹಿಡಿತ ಸಡಿಲವಾಗತೊಡಗಿ 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಬೆಲೆಯ ಏರಿಳಿತ ಆಮೇಲೂ ನಿಲ್ಲಲಿಲ್ಲ. ಆದರೆ ಇಂದಿನ ಬೆಲೆ ಇಂದೇ ಗೊತ್ತಾಗುವುದು ಬೆಳೆಗಾರನಿಗೆ ಸಿಕ್ಕ ದೊಡ್ಡ ಬಲ.

ಹಾಗಾದರೆ ಒಬ್ಬನೇ ಮಾರುವವ, ಒಬ್ಬನೇ ಕೊಳ್ಳುವವ ಇರುವ ಕಡೆ ಏನು ಮಾಡಬೇಕು? ಮೊದಲನೆಯದು, ಸುದ್ದಿಯ ವಯಸ್ಸಿಗೆ ತಕ್ಕ ವೇಗ. ನಮ್ಮ ಐಸ್ ಪ್ಲಾಂಟಿನ ಮಾಲೀಕ ನಾಲ್ಕು ರೂಪಾಯಿಗೆ ಒಂದರ ಬದಲು ಇಪ್ಪತ್ತು ರೂಪಾಯಿಗೆ ಒಂದು ಬ್ಲಾಕಿನಂತೆ ಬದಲಿಸಿದ್ದರೆ, ಮೂರು ವಾರ ಹಳೆಯ ಲೆಕ್ಕ ಹಿಡಿದುಕೊಂಡೇ, ಒಮ್ಮೆಯೂ ಅತಿಯಾಗದೆ 40 ಸೇರುತ್ತಿದ್ದ. ನಿಧಾನಕ್ಕೂ ಬೆಲೆ ಇದೆ, ಲೋಕ ಬೇಗ ಬದಲಾದಾಗ ನಿಧಾನದವನು ಹಿಂದೆ ಬೀಳುತ್ತಾನೆ. ಆದ್ದರಿಂದ ಮೊದಲು ಸುದ್ದಿಯನ್ನು ಬೇಗ ತರಿಸಿಕೊಳ್ಳಬೇಕು, ಆಮೇಲೆ ವೇಗ ಹೆಚ್ಚಿಸಬೇಕು. ಈ ಕ್ರಮ ತಿರುಗುಮುರುಗಾದರೆ ಅನಾಹುತ.

ಎರಡನೆಯದು, ಆಗಲೇ ಮಾಡಿದ್ದನ್ನು ನೆನಪಿಟ್ಟುಕೊಳ್ಳುವುದು. ಸಾರಿಗೆ ಉಪ್ಪು ಹಾಕಿ, ಅದು ಕರಗುವ ಮುನ್ನವೇ ರುಚಿ ನೋಡಿ, ಸಪ್ಪೆಯೆಂದು ಮತ್ತೆ ಹಾಕಿದರೆ ಸಾರು ಕೆಡುತ್ತದೆ. ನುರಿತವರು ಹಾಕಿದ ಉಪ್ಪನ್ನು ಲೆಕ್ಕದಲ್ಲಿಟ್ಟುಕೊಂಡಿರುತ್ತಾರೆ. ಎರಡನೇ ವಾರದ ಕೊನೆಗೆ ಮಾಲೀಕ ತನ್ನನ್ನು ತಾನು ಕೇಳಿಕೊಳ್ಳಬೇಕಿತ್ತು: 'ಈ ಕಾಗದ 20 ಬ್ಲಾಕಿನ ಕಾಲದ್ದು. ಆಮೇಲೆ ನಾನೇ 20 ಹೆಚ್ಚಿಸಿದ್ದೇನಲ್ಲ?' ಆ ಒಂದು ಪ್ರಶ್ನೆ ಅವನನ್ನು 40ರಲ್ಲೇ ನಿಲ್ಲಿಸುತ್ತಿತ್ತು. ಇದು ಎಷ್ಟು ಕಷ್ಟವೆಂದು ಅಮೆರಿಕದ ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಸರಕು ಸಾಗಣೆಯನ್ನು ಅನುಕರಿಸುವ ಒಂದು ಆಟದಲ್ಲಿ, ಆದೇಶ ಕೊಟ್ಟು ಇನ್ನೂ ಕೈಸೇರದ ಸರಕನ್ನು ಜನ ಮತ್ತೆ ಮತ್ತೆ ಲೆಕ್ಕದಿಂದ ಬಿಟ್ಟುಬಿಡುತ್ತಿದ್ದರು. ದೊಡ್ಡ ತೂಗಾಟಕ್ಕೆ ಅದೇ ಮುಖ್ಯ ಕಾರಣವಾಗಿತ್ತು.

ಮೂರನೆಯದು, ಸುದ್ದಿಯ ಹಾದಿಗಳು. ಪ್ರತಿಸ್ಪರ್ಧಿ ಇರುವ ಕಡೆ ಪಕ್ಕದ ಅಂಗಡಿಯ ಬೆಲೆಯೇ ಒಂದು ಸುದ್ದಿ. ಏಕಸ್ವಾಮ್ಯಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ಕೇಳಿಸುವುದೆಲ್ಲ ತನ್ನದೇ ಹಳೆಯ ನಿರ್ಧಾರಗಳ ಫಲ. ಗ್ರಾಹಕರ ದೂರು, ಕೆಳಹಂತದ ನೌಕರರ ಮಾತು, ಪತ್ರಿಕೆಯ ವರದಿ ಇವನ್ನು ಕಿರುಕುಳವೆಂದು ತಳ್ಳಿಹಾಕಿದರೆ ಉಳಿಯುವುದು ಫೈಲಿನ ಹಾದಿಯೊಂದೇ. ಪ್ರತಿ ಮೇಜಿನಲ್ಲೂ ಫೈಲು ಒಂದಿಷ್ಟು ಹಳೆಯದಾಗುತ್ತದೆ.

ನಮ್ಮ ಮನೆಗೆ ಬರುವ ವಿದ್ಯುತ್ತು, ನಲ್ಲಿಯ ನೀರು, ಓಡಾಡುವ ರೈಲು, ಇವುಗಳಲ್ಲಿ ನಮಗೆ ಬೇರೆ ಅಂಗಡಿಯ ಆಯ್ಕೆ ಇಲ್ಲ. ಇಂಥ ಸಂಸ್ಥೆ ಅತ್ತಿತ್ತ ತೂಗಾಡಿದಾಗ ಅದರ ನಷ್ಟ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಮುಗಿಯುವುದಿಲ್ಲ. 35 ರೂಪಾಯಿಯ ಐಸು 90 ಆದಾಗ ಮೀನು ಕೊಳೆತದ್ದು ದೋಣಿಯವನದು. ಆದ್ದರಿಂದ ಒಂದು ಬೇಡಿಕೆಯನ್ನು ನಾವು ನಾಗರಿಕರಾಗಿ ಗಟ್ಟಿಯಾಗಿ ಮುಂದಿಡಬೇಕು. ಒಬ್ಬನೇ ಮಾರುವ ಯಾವ ಸಂಸ್ಥೆಯೇ ಆಗಲಿ, ದರ ಏರಿಸುವಾಗ, ಇಳಿಸುವಾಗ, ಸರಬರಾಜು ಕಡಿತ ಮಾಡುವಾಗ ಆ ಆದೇಶದ ಪಕ್ಕದಲ್ಲಿ ಎರಡು ಸಾಲು ಬರೆಯಲಿ. ಈ ನಿರ್ಧಾರಕ್ಕೆ ಆಧಾರವಾದ ಅಂಕಿಅಂಶ ಯಾವ ದಿನಾಂಕದ್ದು? ಆ ದಿನದಿಂದ ಈಚೆಗೆ ನಾವು ಏನೇನು ಬದಲಾಯಿಸಿದ್ದೇವೆ? ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಯಂತ್ರ ಬೇಡ. ಆ ಎರಡು ಸಾಲು ಬರೆಯಬೇಕಾದವನು ಸಹಿ ಹಾಕುವ ಮೊದಲು ಒಮ್ಮೆ ನಿಂತು ಯೋಚಿಸುತ್ತಾನೆ. ಓದಿದ ಜನರಿಗೆ ಪ್ರಶ್ನೆ ಕೇಳಲು ಒಂದು ಆಧಾರ ಸಿಗುತ್ತದೆ.